ಬುಟ್ಟಿ ಹೊತ್ತವರಿಗೆ ಬಾಯಿ

ಜಯನಗರ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವರು ಹಿಮದ ಮೇಲೆಯೇ ಬರೆಯಬೇಕು ಎಂದು ಯಾರು ನಿಯಮ ಮಾಡಿದರೋ ಗೊತ್ತಿಲ್ಲ. ನಾನು ಊರಿಗೆ ಮರಳಿದ ವಾರದಲ್ಲೇ ನಮ್ಮ ಕಾಲೇಜು ಸಂಚಿಕೆಯ ಸಂಪಾದಕರು, ಅಂದರೆ ಕನ್ನಡ ಪಂಡಿತರು, ಸ್ಟಾಫ್ ರೂಮಿಗೆ ಬಂದು ಕೈಮುಗಿದರು. "ಹಿಮ, ಸರೋವರ, ಗಡಿಯಾರ, ಹಸು, ಇಷ್ಟು ಬಂದ್ರೆ ಸಾಕಮ್ಮ. ನಾಲ್ಕು ಪುಟ. ಬೇರೆ ಏನೂ ಬೇಡ" ಎಂದರು. ಆ ಬೇರೆಯದೇ ನನ್ನ ಪ್ರವಾಸವಾಗಿದ್ದರಿಂದ ಅವರಿಗೆ ನಾಲ್ಕು ಪುಟ ಸಿಗಲಿಲ್ಲ. ಹಿಮ ಇತ್ತು, ಬೆಳ್ಳಗಿತ್ತು, ತಣ್ಣಗಿತ್ತು. ಆ ವಿಷಯ ಇಲ್ಲಿಗೆ ಮುಗಿಯಿತು.

ನಾನು ಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಕಾಲೇಜಿನ ಪರಿಚಯ ಪುಸ್ತಿಕೆಯ ಮೊದಲ ಪುಟದಲ್ಲಿ, ವಿದ್ಯಾರ್ಥಿಗಳನ್ನು ಸ್ವತಂತ್ರ ಭಾರತದ ಜವಾಬ್ದಾರಿಯುತ ಪ್ರಜೆಗಳನ್ನಾಗಿ ರೂಪಿಸುವುದು ನಮ್ಮ ಗುರಿ ಎಂದು ಅಚ್ಚಾಗಿದೆ. ಕೊನೆಯ ಪುಟದಲ್ಲಿ, ನನ್ನ ಮಗ ಅಥವಾ ಮಗಳು ಯಾವುದೇ ರಾಜಕೀಯದಲ್ಲಿ ಭಾಗವಹಿಸುವುದಿಲ್ಲ ಎಂದು ತಂದೆ ರುಜು ಹಾಕಬೇಕು. ಮಧ್ಯದ ಪುಟಗಳಲ್ಲಿ ಫೀಸಿನ ವಿವರ ಇದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಹಾಗಾದರೆ ಪ್ರಜೆಗಳನ್ನು ರೂಪಿಸುವುದು ಹೇಗೆ? ಶ್ರಮದಾನದಿಂದ. ವರ್ಷಕ್ಕೊಮ್ಮೆ ಹುಡುಗರ ಕೈಗೆ ಗುದ್ದಲಿ, ಹುಡುಗಿಯರ ಕೈಗೆ ಮಣ್ಣಿನ ಬುಟ್ಟಿ ಕೊಟ್ಟು ಊರಾಚೆ ಕರೆದುಕೊಂಡು ಹೋಗುತ್ತೇವೆ. ಹಿಂದಿನ ವರ್ಷ ಬನಶಂಕರಿ ಗುಡಿಯಾಚೆ, ರಾಗಿ ಹೊಲಗಳ ನಡುವೆ ರಸ್ತೆ ಹಾಕಿದೆವು. ಅಲ್ಲೊಂದು ಹಳ್ಳಿ. ಮಳೆಗಾಲದಲ್ಲಿ ಬಸುರಿಯರನ್ನು ಆಸ್ಪತ್ರೆಗೆ ತರಲು ಗಾಡಿ ಹೋಗುವುದಿಲ್ಲ, ಆ ಹಳ್ಳಿಗಾಗಿ ಈ ರಸ್ತೆ ಎಂದು ಆಡಳಿತ ಮಂಡಳಿಯ ಸೆಕ್ರೆಟರಿಯವರು ಭಾಷಣ ಮಾಡಿದರು. ಮಕ್ಕಳು ಅಂಗೈಯಲ್ಲಿ ಬೊಕ್ಕೆ ಬರುವ ಹಾಗೆ ದುಡಿದರು. ರಸ್ತೆ ಹಳ್ಳಿಗೆ ಅರ್ಧ ಮೈಲಿ ಇರುವಾಗ ನಿಂತುಹೋಯಿತು. ನಿಂತ ಜಾಗದ ಎಡಕ್ಕೂ ಬಲಕ್ಕೂ ಸ್ವಲ್ಪ ದಿನದಲ್ಲೇ ಸೈಟಿನ ಕಲ್ಲುಗಳು ಎದ್ದವು. ಸೈಟುಗಳು ಸೆಕ್ರೆಟರಿಯವರವು.

ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಎರಡನೆಯ ಬಿ.ಎ.ಯ ರತ್ನ ಮಾತ್ರ ನನ್ನ ಕ್ಲಾಸಿನಲ್ಲಿ ಎದ್ದು ನಿಂತು, "ಮಿಸ್, ಆ ರಸ್ತೆ ಹಳ್ಳಿಗೆ ಯಾವಾಗ ಹೋಗುತ್ತೆ?" ಎಂದು ಕೇಳಿದಳು. ಸಿದ್ದಾಪುರದಲ್ಲಿ ಸೊಪ್ಪು, ಹೂವು ಬೆಳೆಯುವ ಮುನಿಯಪ್ಪನ ಮಗಳು. ಅವರ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಫೀಸು ಮಾಫಿ ಇದ್ದುದರಿಂದ ಓದುತ್ತಿದ್ದಳು, ಮಾಫಿ ಕೊಡುವ ಕೈ ಸೆಕ್ರೆಟರಿಯವರದು. ಪದವಿಗೆ ಇನ್ನೊಂದೇ ವರ್ಷ ಬಾಕಿ ಇತ್ತು.

ಮೂರನೆಯ ಮಹಾಚುನಾವಣೆ ಮುಗಿದ ಸುಮಾರಿಗೆ ಸ್ವಿಟ್ಜರ್ಲೆಂಡಿನ ಒಂದು ಯುವಜನ ಸಂಘದಿಂದ ಆಹ್ವಾನ ಬಂತು. ವಿದ್ಯಾರ್ಥಿಗಳನ್ನು ಊರಿನ ಆಡಳಿತಕ್ಕೆ ಹೇಗೆ ಎಳೆದುಕೊಳ್ಳಬೇಕು ಎಂಬ ವಿಷಯದ ಮೇಲೆ ಬೇಸಿಗೆ ಶಿಬಿರ. ಒಬ್ಬ ಅಧ್ಯಾಪಕರು, ಊರ ಕೆಲಸವನ್ನು ಸ್ವಂತ ಕೈಯಿಂದ ಮಾಡಿದ ಒಬ್ಬ ವಿದ್ಯಾರ್ಥಿ ಬರಬೇಕು, ಖರ್ಚು ಅವರದೇ. ರತ್ನ ತಲೆಯ ಮೇಲೆ ಬುಟ್ಟಿ ಹೊತ್ತು ನಗುತ್ತಿದ್ದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಪಕ್ಕದಲ್ಲಿ ಜರಿ ಪೇಟದ ಸೆಕ್ರೆಟರಿಯವರೂ ಇದ್ದರು. ಆ ಚಿತ್ರವೇ ಅವಳಿಗೆ ಟಿಕೆಟ್ ಆಯಿತು. ನಾಯಕತ್ವ ವಹಿಸಲು ಸೆಕ್ರೆಟರಿಯವರೂ ಹೊರಟರು. ಅವರನ್ನು ಯಾರೂ ಕರೆದಿರಲಿಲ್ಲ.

ಹೊರಡುವ ದಿನ ಮುನಿಯಪ್ಪ ಸ್ಟೇಷನ್ನಿಗೆ ಬಂದು ನನ್ನ ಕೈಗೆ ಕನಕಾಂಬರದ ಪೊಟ್ಟಣ ಕೊಟ್ಟ. "ಅಮ್ಮಾವ್ರೇ, ಹುಡುಗಿ ಬಾಯಿ ಜೋರು. ಒಸಿ ನೋಡ್ಕಳಿ. ಓದು ಒಂದು ಮುಗುದ್ಬುಟ್ರೆ ಸಾಕು" ಎಂದ.

ಹಡಗು

ಬೊಂಬಾಯಿಯಿಂದ ಇಟಲಿಯವರೆಗೆ ಹಡಗು. ನನಗೆ ಹೊಟ್ಟೆ ತೊಳಸಿ ಮೊದಲ ಮೂರು ದಿನ ಮಲಗಿದಲ್ಲೇ ಇದ್ದೆ. ರತ್ನನಿಗೆ ಏನೂ ಆಗಲಿಲ್ಲ. ಎತ್ತಿನಗಾಡಿಯಲ್ಲಿ ಸೊಪ್ಪಿನ ಮೇಲೆ ಕೂತು ಮಾರ್ಕೆಟ್ಟಿಗೆ ಹೋಗಿ ಬಂದು ಅಭ್ಯಾಸವಾದವಳಿಗೆ ಅರಬ್ಬೀ ಸಮುದ್ರ ಒಂದು ಲೆಕ್ಕವೇ ಅಲ್ಲ ಎಂದಳು. ಸೆಕ್ರೆಟರಿಯವರ ಟ್ರಂಕಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಒಡೆದು, ಹೊಸದಾಗಿ ಹೊಲಿಸಿದ ಸೂಟಿಗೆಲ್ಲ ಎಣ್ಣೆ ಹತ್ತಿತು. ಆಮೇಲೆ ಯುರೋಪಿನಲ್ಲಿ ಎಲ್ಲೇ ಹೋದರೂ ಅವರು ಬರುವ ಮೊದಲೇ ಮೆಂತ್ಯ, ಇಂಗಿನ ವಾಸನೆ ಬರುತ್ತಿತ್ತು. ಎಣ್ಣೆ ಹತ್ತಿದ ಅವರ ಅಂಗಿಗಳನ್ನು ಒಗೆದುಕೊಟ್ಟವಳು ರತ್ನ. ಬೇಡ ಎಂದೆ, ಕೇಳಲಿಲ್ಲ. "ಹೋಗ್ಲಿ ಬಿಡಿ ಮಿಸ್, ನಮ್ಮೂರೋರು ನಾರ್ತಾ ಇದ್ರೆ ನಮಗೇ ಮರ್ಯಾದೆ ಕಡಿಮೆ" ಎಂದಳು.

ಸೆಕ್ರೆಟರಿಯವರು ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿಕೊಂಡು ಅವಳಿಗೆ ಭಾಷಣ ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮ ದೇಶದಲ್ಲಿ ವಿದ್ಯಾರ್ಥಿಗಳು ರಾಜಕೀಯ ಮಾಡುವುದಿಲ್ಲ, ಸೇವೆ ಮಾಡುತ್ತಾರೆ, ನಾವು ಒಂದು ಹಳ್ಳಿಗೆ ರಸ್ತೆ ಕೊಟ್ಟೆವು, ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ರತ್ನ ಒಂದೂ ತಪ್ಪಿಲ್ಲದೆ ಒಪ್ಪಿಸಿ, ಕೊನೆಯಲ್ಲಿ, "ಸಾರ್, ಹಳ್ಳಿಗೆ ಅಂತ ಇದೆಯಲ್ಲ, ಹಳ್ಳಿಗೆ ಹೋಗಿಲ್ವಲ್ಲ ಸಾರ್?" ಎಂದಳು.

"ಮುಂದಿನ ವರ್ಷ ಹೋಗುತ್ತೆ. ನೀನು ಬರೆದಿದ್ದಷ್ಟು ಹೇಳಮ್ಮ" ಎಂದರು. ದನಿ ಮೆತ್ತಗೇ ಇತ್ತು. "ವಾಪಸು ಹೋದ ತಕ್ಷಣ ನಿನ್ನ ಮಾಫಿ ಅರ್ಜಿಗೆ ರುಜು ಹಾಕಬೇಕು, ನೆನಪು ಮಾಡು."

ಹಗ್ಗದ ಈಚೆ

ಮೊದಲು ನಮ್ಮನ್ನು ಗುಡ್ಡಗಾಡಿನ ಒಂದು ಪುಟ್ಟ ಪಟ್ಟಣಕ್ಕೆ ಕರೆದುಕೊಂಡು ಹೋದರು. ಏಪ್ರಿಲ್ ಕೊನೆಯ ಭಾನುವಾರ ಅಲ್ಲಿನ ಪ್ರಾಂತದ ಪ್ರಜೆಗಳೆಲ್ಲ ಚೌಕದಲ್ಲಿ ಸೇರಿ, ಬಯಲಿನಲ್ಲಿ ನಿಂತು, ಕೈ ಎತ್ತಿ ಕಾನೂನು ಮಾಡುತ್ತಾರೆ. ಇದನ್ನು ನಾನು ಎಷ್ಟೋ ವರ್ಷದಿಂದ ಪಾಠ ಮಾಡಿದ್ದೇನೆ. ಪ್ರತ್ಯಕ್ಷ ಪ್ರಜಾಪ್ರಭುತ್ವದ ತೊಟ್ಟಿಲು ಎಂದು ಹುಡುಗರ ಕೈಯಲ್ಲಿ ಬರೆಸಿದ್ದೇನೆ. ನೋಡುವ ಭಾಗ್ಯ ಬಂತಲ್ಲ ಎಂದು ಬೆಳಕು ಹರಿಯುವ ಮುಂಚೆಯೇ ಸೀರೆ ಉಟ್ಟು ಸಿದ್ಧವಾಗಿದ್ದೆ.

ಚೌಕದ ಸುತ್ತ ಹಗ್ಗ ಕಟ್ಟಿದ್ದರು. ಕಪ್ಪು ಕೋಟಿನ ಗಂಡಸರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದರು. ಆ ಕತ್ತಿಯೇ ಮತದ ಗುರುತು. ರತ್ನ ಹಗ್ಗ ಎತ್ತಿ ಒಳಗೆ ಕಾಲಿಟ್ಟೇಬಿಟ್ಟಳು. ನಮ್ಮಲ್ಲಿ ಮತಗಟ್ಟೆಯಲ್ಲಿ ಹೆಂಗಸರ ಸಾಲನ್ನು ಮುಂದೆ ಬಿಡುತ್ತಾರಲ್ಲ, ಅದೇ ಅಂದಾಜು. ಒಬ್ಬ ಪೊಲೀಸಿನವನು ಓಡಿಬಂದು, ಟೋಪಿ ತೆಗೆದು, ಬಹಳ ಮರ್ಯಾದೆಯಿಂದ ಅವಳನ್ನು ಹೊರಗೆ ತಂದು ಬಿಟ್ಟ. ಆಗ ಕಣ್ಣು ತೆರೆದು ನೋಡಿದೆ. ಹಗ್ಗದ ಈಚೆ ಇದ್ದವರೆಲ್ಲ ಹೆಂಗಸರು. ಅಲ್ಲಿ ಹೆಂಗಸರಿಗೆ ಇನ್ನೂ ಮತವಿಲ್ಲ. ಪುಸ್ತಕದಲ್ಲಿ ಈ ಹಗ್ಗದ ವಿಚಾರ ಒಂದು ಸಾಲಿತ್ತು, ಓದಿಯೂ ಇದ್ದೆ. ಅದರ ಹಿಂದೆ ನಿಂತಾಗ ಮಾತ್ರ ಮೈ ಉರಿಯಿತು.

ನಮಗೆ ಜೊತೆಗಾತಿಯಾಗಿ ಕೊಟ್ಟಿದ್ದ ಹುಡುಗಿ ಮಾರ್ಗ್ರಿಟ್. ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಶಾಲೆಯಲ್ಲಿ ಪೌರನೀತಿ ಕಲಿಸುವ ತರಬೇತಿಯಲ್ಲಿದ್ದಾಳಂತೆ. "ನಾಳೆ ನೀನು ಪಾಠ ಹೇಳಿಕೊಟ್ಟ ಹುಡುಗರು ಒಳಗೆ ಹೋಗುತ್ತಾರೆ, ನೀನು ಇಲ್ಲಿ ನಿಲ್ಲುತ್ತೀಯಾ?" ಎಂದು ಕೇಳಿದೆ.

"ಹೌದು" ಎಂದಳು. "ಗಂಡಸರು ಮನೆಯಲ್ಲಿ ನಮ್ಮನ್ನು ಕೇಳಿಕೊಂಡೇ ಬರುತ್ತಾರೆ ಎಂದು ಅಮ್ಮ ಹೇಳುತ್ತಾಳೆ. ನಮ್ಮ ಅಪ್ಪ ಕೇಳಿದ್ದನ್ನು ನಾನು ನೋಡಿಲ್ಲ."

ರತ್ನನಿಗೆ ನಗು ತಡೆಯಲಾಗಲಿಲ್ಲ. "ನಮ್ಮಜ್ಜಿಗೆ ಓದಕ್ಕೆ ಬರಲ್ಲ ಮಿಸ್. ಓಟಿನ ದಿನ ತಾತ ಯಾರಿಗೆ ಹಾಕ್ದೆ ಅಂತ ಕೇಳಿದ್ರೆ, ನಿಂಗ್ಯಾಕೆ ಹೇಳ್ಲಿ ಅಂತ ಬೆರಳಿನ ಮಸಿ ತೋರಿಸಿದ್ಲು. ಇವರಿಗೆ ಇದನ್ನ ಹೇಳಿ ಮಿಸ್" ಎಂದಳು. ಹೇಳಿದೆ. ಮಾರ್ಗ್ರಿಟ್ ತನ್ನ ಬೆರಳನ್ನೇ ತಿರುಗಿಸಿ ನೋಡಿಕೊಂಡಳು.

ಸೆಕ್ರೆಟರಿಯವರು ಗಂಡಸಾದ್ದರಿಂದ, ಪರದೇಶದ ಗಣ್ಯರಾದ್ದರಿಂದ ಅವರಿಗೆ ಅತಿಥಿಗಳ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಸಂಜೆ ಊಟಕ್ಕೆ ಕೂತಾಗ ಅವರು ತುಂಬಾ ಮೆಚ್ಚಿದ್ದು ಕಾನೂನನ್ನಲ್ಲ, ಹಗ್ಗವನ್ನು. "ನೋಡಿದ್ರಾ ಮೇಡಂ, ಎಂಥ ಶಿಸ್ತು. ಒಬ್ಬ ಹೆಣ್ಣುಮಗಳು ದಾಟಲಿಲ್ಲ, ನಮ್ಮ ಹುಡುಗಿ ಬಿಟ್ಟು" ಎಂದರು. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಹಗ್ಗ ಕಟ್ಟುವ ಅಗತ್ಯವೇ ಬಿದ್ದಿಲ್ಲ, ಅಲ್ಲಿಗೆ ಹೆಂಗಸರನ್ನು ಕರೆಯುವುದೇ ಇಲ್ಲ.

ಮೇಲಿನ ಹಳ್ಳಿ

ಶಿಬಿರ ನಡೆದದ್ದು ಇನ್ನೂ ಮೇಲಿನ ಒಂದು ಹಳ್ಳಿಯಲ್ಲಿ. ಅಲ್ಲಿಯ ಜನ ಮಾತು ಕಡಿಮೆ, ಬಾಗಿಲು ಮುಚ್ಚುವುದು ಜಾಸ್ತಿ. ದಾರಿಯಲ್ಲಿ ಸಿಕ್ಕವರು ಪ್ರತಿಯೊಬ್ಬರೂ ನಮಸ್ಕಾರ ಹೇಳುತ್ತಾರೆ, ಎಲ್ಲಿಗೆ ಹೊರಟಿರಿ ಎಂದು ಒಬ್ಬರೂ ಕೇಳುವುದಿಲ್ಲ. ನಮ್ಮ ಜಯನಗರದಲ್ಲಿ ಇರುವ ನಾಲ್ಕು ಮನೆಗಳನ್ನು ದಾಟುವಷ್ಟರಲ್ಲಿ ಎಲ್ಲಿಗೆ, ಯಾಕೆ, ಯಾವಾಗ ವಾಪಸು ಎಂದು ಒಪ್ಪಿಸಿ ಹೋಗಬೇಕು. ಮೊದಮೊದಲು ಹಾಯೆನಿಸಿತು. ವಾರ ಕಳೆದ ಮೇಲೆ ಯಾರಾದರೂ ಕೇಳಬಾರದೇ ಎನಿಸತೊಡಗಿತು.

ಆ ಹಳ್ಳಿಯಲ್ಲೊಂದು ಪದ್ಧತಿ. ಹಿಮ ಕರಗಿದ ಮೇಲೆ ಮೇಲಿನ ಹುಲ್ಲುಗಾವಲಿಗೆ ಹೋಗುವ ದಾರಿ ಅಲ್ಲಲ್ಲಿ ಕುಸಿದಿರುತ್ತದೆ. ಮನೆಗೊಬ್ಬರಂತೆ ಬಂದು ಅದನ್ನು ಸರಿಮಾಡಬೇಕು, ಕೂಲಿ ಇಲ್ಲ. ನಮ್ಮ ಶ್ರಮದಾನದ ಹಾಗೆಯೇ, ಭಾಷಣವಿಲ್ಲದೆ. ಶಿಬಿರದ ವಿದ್ಯಾರ್ಥಿಗಳೂ ಒಂದು ದಿನ ಆ ಕೆಲಸಕ್ಕೆ ಹೋದರು. ಹಳ್ಳಿಯ ಹೆಂಗಸರು ಬೆನ್ನಿಗೆ ಕಟ್ಟುವ ಉದ್ದನೆಯ ಬುಟ್ಟಿಯಲ್ಲಿ ಕಲ್ಲು ಸಾಗಿಸುತ್ತಿದ್ದರು. ರತ್ನನ ಬೆನ್ನಿಗೂ ಒಂದು ಕಟ್ಟಿದರು. ನಾಲ್ಕು ಹೆಜ್ಜೆ ಇಟ್ಟು ಹಿಂದಕ್ಕೆ ಬಿದ್ದಳು. ಎದ್ದು ಮಣ್ಣು ಕೊಡವಿಕೊಂಡು, ಮಾರ್ಗ್ರಿಟಳ ಉಣ್ಣೆಯ ಶಾಲನ್ನು ಸುತ್ತಿ ಸಿಂಬೆ ಮಾಡಿ, ಒಂದು ಗಿಡ್ಡ ಬುಟ್ಟಿ ಹುಡುಕಿ ತಲೆಯ ಮೇಲಿಟ್ಟುಕೊಂಡು ಕೈಬೀಸಿ ನಡೆದಳು. ಹಳ್ಳಿಯ ಹೆಂಗಸರು ಕೆಲಸ ಬಿಟ್ಟು ಚಪ್ಪಾಳೆ ಹೊಡೆದರು. ಇಬ್ಬರು ತಾವೂ ತಲೆಯ ಮೇಲಿಟ್ಟುಕೊಂಡು ಕಲ್ಲನ್ನೆಲ್ಲ ಬೀಳಿಸಿಕೊಂಡರು.

ಸೆಕ್ರೆಟರಿಯವರಿಗೆ ಮಾತ್ರ ಮುಖ ಕೆಂಪಾಯಿತು. "ಮೇಡಂ, ಸ್ವಿಟ್ಜರ್ಲೆಂಡಿಗೆ ಬಂದು ನಮ್ಮ ಹುಡುಗಿ ಮಣ್ಣು ಹೊರೋದಾ? ದೇಶದ ಮಾನ ಏನಾಗಬೇಕು?" ಎಂದರು.

"ನಮ್ಮೂರಲ್ಲಿ ಹೊತ್ತಾಗ ನೀವೇ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಂಡ್ರಲ್ಲ ಸಾರ್" ಎಂದೆ.

"ಅದು ಬೇರೆ" ಎಂದರು. ಹೇಗೆ ಬೇರೆ ಎಂದು ಹೇಳಲಿಲ್ಲ.

ಬುತ್ತಿಯ ಹೊತ್ತು

ಮಧ್ಯಾಹ್ನ ಎಲ್ಲರೂ ಕುಸಿದ ದಾರಿಯ ಪಕ್ಕದಲ್ಲೇ ಕೂತು ರೊಟ್ಟಿ, ಗಿಣ್ಣದ ಹಾಗಿರುವ ಗಟ್ಟಿ ಚೀಸು ತಿಂದರು. ಆಮೇಲೆ ಕೆಲಸದ ಮೇಸ್ತ್ರಿ, ಬಿಳಿ ಗಡ್ಡದ ಮುದುಕ, ಎದ್ದು ನಿಂತು ಏನೋ ಕೇಳಿದ. ಮುಂದಿನ ವರ್ಷ ದಾರಿಯ ಯಾವ ತುದಿಯನ್ನು ಹಿಡಿಯಬೇಕು ಎಂಬ ಚರ್ಚೆಯಂತೆ. ಒಬ್ಬೊಬ್ಬರೇ ಹೇಳತೊಡಗಿದರು. ಹೆಂಗಸರೂ ಹೇಳುತ್ತಿದ್ದರು, ಜೋರಾಗಿಯೇ ಹೇಳುತ್ತಿದ್ದರು. ಒಬ್ಬಳಂತೂ ಮುದುಕನನ್ನು ಬೈಯುತ್ತಿದ್ದಳು. ನನಗೆ ಆಶ್ಚರ್ಯವಾಗಿ ಮಾರ್ಗ್ರಿಟಳನ್ನು ಕೇಳಿದೆ.

"ಚೌಕದಲ್ಲಿ ನಮಗೆ ಕೈ ಇಲ್ಲ" ಎಂದಳು. "ಆದರೆ ಇದು ಹಳ್ಳಿಯ ಹಳೆಯ ರೂಢಿ. ಆ ದಿನ ಬುಟ್ಟಿ ಹೊತ್ತವರು ಯಾರಾದರೂ ಸರಿ, ಹೆಂಗಸು, ಪರದೇಶಿ, ಆ ದಾರಿಯ ಬಗ್ಗೆ ಅವರಿಗೆ ಬಾಯಿ ಇದೆ. ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಇಷ್ಟೇ ನಮಗೆ ಉಳಿದಿರುವುದು."

ಅಷ್ಟರಲ್ಲಿ ಮುದುಕ ರತ್ನನ ಕಡೆ ಬೆರಳು ತೋರಿಸಿದ. ನೀನೂ ಹೊತ್ತಿದ್ದೀಯ, ಕೇಳುವುದಿದ್ದರೆ ಕೇಳು ಎಂದ.

ರತ್ನ ಎದ್ದಳು. ನನ್ನ ಕಡೆ ನೋಡಲಿಲ್ಲ. ಅವಳಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಅವಳ ಇಂಗ್ಲಿಷನ್ನು ಮಾರ್ಗ್ರಿಟ್ ಅವರ ಭಾಷೆಗೆ ತಿರುಗಿಸುತ್ತಾ ಹೋದಳು. "ಈ ದಾರಿ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು.

"ಮೇಲಿನ ಹುಲ್ಲುಗಾವಲಿಗೆ."

"ಅದು ಯಾರದು?"

"ಎಲ್ಲರದು. ಯಾರ ಹಸುವಾದರೂ ಮೇಯಬಹುದು."

ರತ್ನ ಸಿಂಬೆ ಮಾಡಿದ್ದ ಶಾಲನ್ನು ಬಿಚ್ಚಿ ಮಡಿಸಿದಳು. ಸೆಕ್ರೆಟರಿಯವರು ಅವಳನ್ನೇ ನೋಡುತ್ತಿದ್ದರು. ಅವಳು ಬಾಯಿಪಾಠ ಮಾಡಿದ ಭಾಷಣ ಹೇಳಬೇಕಾದ್ದು ಮಾರನೆಯ ದಿನ, ದೊಡ್ಡ ಸಭೆಯಲ್ಲಿ. ಇಲ್ಲಿ ಕೂತವರು ರೈತರು. ಇಲ್ಲಿ ಏನು ಹೇಳಿದರೂ ಹೇಳದಿದ್ದರೂ ನಡೆಯುತ್ತಿತ್ತು. ಆದರೂ ಹೇಳಿದಳು. "ನಾವೂ ಒಂದು ರಸ್ತೆ ಹಾಕಿದೆವು. ಒಂದು ಹಳ್ಳಿಗೆ ಎಂದು ಹೇಳಿ ನಮ್ಮ ಕೈಗೆ ಬುಟ್ಟಿ ಕೊಟ್ಟರು. ರಸ್ತೆ ಹಳ್ಳಿಗೆ ಹೋಗಲಿಲ್ಲ, ಇಲ್ಲಿ ಕೂತಿರುವ ನಮ್ಮ ಸೆಕ್ರೆಟರಿಯವರ ಸೈಟಿಗೆ ಹೋಯಿತು. ನಮ್ಮಲ್ಲಿ ಬುಟ್ಟಿ ಹೊತ್ತವರಿಗೆ ಬಾಯಿ ಇಲ್ಲ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಆ ರಸ್ತೆ ಹಳ್ಳಿಗೆ ಯಾವಾಗ ಹೋಗುತ್ತದೆ ಸಾರ್?"

ಮಾರ್ಗ್ರಿಟ್ ಅದನ್ನು ತಿರುಗಿಸಿ ಹೇಳಿ ಮುಗಿಸಿದಾಗ ರೊಟ್ಟಿ ಅಗಿಯುತ್ತಿದ್ದವರೂ ನಿಲ್ಲಿಸಿದರು. ಮುದುಕ ಸೆಕ್ರೆಟರಿಯವರತ್ತ ತಿರುಗಿ, ಕೋಪವಿಲ್ಲದೆ, ಕೆಲಸದ ಮಾತಿನಂತೆ ಕೇಳಿದ. "ಆ ದಿನ ನೀವು ಎಷ್ಟು ಬುಟ್ಟಿ ಹೊತ್ತಿರಿ?"

"ನಾನು ಉದ್ಘಾಟನೆ ಮಾಡಿದೆ" ಎಂದರು ಸೆಕ್ರೆಟರಿಯವರು, ಇಂಗ್ಲಿಷಿನಲ್ಲಿ.

ಹಾಗೆಂದರೇನು ಎಂದು ಮುದುಕ ಕೇಳಿದ. ಕೆಲಸ ಶುರುವಾಗುವ ಮುಂಚೆ ಒಬ್ಬರು ಬಂದು ಬಣ್ಣದ ಟೇಪು ಕತ್ತರಿಸಿ ಮಾತಾಡಿ ಹೋಗುವುದು ಎಂದು ಮಾರ್ಗ್ರಿಟ್ ವಿವರಿಸಿದಳು. ಮುದುಕ ತಲೆ ತುರಿಸಿಕೊಂಡ. ಹೆಂಗಸರು ಮೊದಲು ನಕ್ಕರು, ಆಮೇಲೆ ಗಂಡಸರು. ಸೆಕ್ರೆಟರಿಯವರೂ ಜೊತೆಯಲ್ಲಿ ನಕ್ಕರು. ನಗುವವರ ನಡುವೆ ನಗದೇ ಇರುವುದು ಕಷ್ಟ ಎಂಬುದನ್ನು ಬಲ್ಲ ಮನುಷ್ಯ. ನನಗೆ ಆ ಹೊತ್ತಿನಲ್ಲಿ ಎಂಥ ಹೆಮ್ಮೆಯಾಯಿತು ಎಂದರೆ, ಹದಿನೈದು ವರ್ಷ ಪಾಠ ಮಾಡಿದ್ದಕ್ಕೆ ಇವತ್ತು ಸಂಬಳ ಸಿಕ್ಕಿತು ಎನಿಸಿತು. ಆ ಸಂತೋಷವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮಾರನೆಯ ದಿನದ ದೊಡ್ಡ ಸಭೆಯಲ್ಲಿ ಭಾಷಣವನ್ನು ಸೆಕ್ರೆಟರಿಯವರೇ ಓದಿದರು. ರತ್ನನಿಗೆ ಗಂಟಲು ಕಟ್ಟಿದೆ ಎಂದು ಸಭೆಗೆ ತಿಳಿಸಿದರು. ಅವಳು ಮೂರನೆಯ ಸಾಲಿನಲ್ಲಿ ಕೂತು ಆರೋಗ್ಯವಾಗಿ ಕೇಳುತ್ತಿದ್ದಳು.

ವಾಪಸು

ಬರುವಾಗ ಹಡಗಿನಲ್ಲಿ ಸೆಕ್ರೆಟರಿಯವರು ರತ್ನನ ಜೊತೆ ಬಹಳ ಚೆನ್ನಾಗಿ ಮಾತಾಡಿದರು. ಅವಳಿಗೊಂದು ಚಾಕೊಲೇಟಿನ ಡಬ್ಬಿ ಕೂಡ ಕೊಟ್ಟರು. ಆ ಡಬ್ಬಿ ನೋಡಿದಾಗಲೇ ನನಗೆ ಭಯ ಶುರುವಾಯಿತು.

ಕಾಲೇಜು ತೆರೆದ ದಿನ ರತ್ನನ ಮಾಫಿ ಅರ್ಜಿ ತಿರಸ್ಕಾರವಾಯಿತು. ಜೊತೆಗೆ, ಕೇಳದೇ ಇದ್ದರೂ, ಟಿ.ಸಿ. ಕೈಗೆ ಕೊಟ್ಟರು. ಅದರಲ್ಲಿ ನಡತೆ ಎಂಬ ಜಾಗದಲ್ಲಿ ತೃಪ್ತಿಕರವಲ್ಲ, ರಾಜಕೀಯ ಪ್ರವೃತ್ತಿ ಉಂಟು, ಎಂದು ಬರೆದಿತ್ತು. ಆ ಒಂದು ಸಾಲು ಸಾಕು, ಬೆಂಗಳೂರಿನ ಯಾವ ಕಾಲೇಜೂ ಬಾಗಿಲು ತೆರೆಯುವುದಿಲ್ಲ. ಫೀಸು ನಾನು ಕಟ್ಟುತ್ತೇನೆ ಎಂದು ಕಾಲೇಜುಗಳನ್ನು ಸುತ್ತಿದೆ. ಎಲ್ಲರೂ ಕುರ್ಚಿ ಕೊಟ್ಟು, ಟಿ.ಸಿ. ಓದಿ, ಮಡಿಚಿ ವಾಪಸು ಕೊಟ್ಟರು.

ಕೊನೆಗೆ ಸೆಕ್ರೆಟರಿಯವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು. "ಮೇಡಂ, ನನಗೆ ಆ ಹುಡುಗಿ ಮೇಲೆ ದ್ವೇಷ ಇಲ್ಲ" ಎಂದರು ಸೆಕ್ರೆಟರಿಯವರು. "ವಿದ್ಯಾರ್ಥಿಗಳು ಊರಿನ ಕೆಲಸಕ್ಕೆ ಬರಬೇಕು ಅಂತ ನಾನೇ ಹೇಳೋನು. ಆದ್ರೆ ಕೆಲಸ ಬೇರೆ, ರಾಜಕೀಯ ಬೇರೆ. ಮಣ್ಣು ಹೊತ್ತರೆ ಸೇವೆ. ಯಾಕೆ ಹೊತ್ತೆ ಅಂತ ಕೇಳಿದ್ರೆ ರಾಜಕೀಯ."

ನಾನು ರಾಜ್ಯಶಾಸ್ತ್ರದ ಎಷ್ಟೋ ಪುಸ್ತಕ ಓದಿದ್ದೇನೆ. ಇಷ್ಟು ಸ್ಪಷ್ಟವಾದ ವ್ಯಾಖ್ಯೆ ಎಲ್ಲೂ ಸಿಕ್ಕಿರಲಿಲ್ಲ. ಕಾಫಿ ಕುಡಿಯದೆ ಎದ್ದು ಬಂದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹುಡುಗಿಯರಿರುವ ಕಾಲೇಜಿಗೆ ಒಬ್ಬ ಹೆಂಗಸು ಲೆಕ್ಚರರ್ ಬೇಕೇ ಬೇಕಿತ್ತು.

ಸಿದ್ದಾಪುರ

ಮುನಿಯಪ್ಪ ತೋಟದಲ್ಲಿ ನೀರು ಕಟ್ಟುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, ಕೂರಲು ಗೋಣಿ ಹಾಸಿಕೊಟ್ಟು, ಮತ್ತೆ ಗುದ್ದಲಿ ಹಿಡಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ರತ್ನ ಅವರಮ್ಮನ ಜೊತೆ ದಂಟಿನ ಸೊಪ್ಪು ಕಟ್ಟು ಕಟ್ಟುತ್ತಿದ್ದಳು. ನಾನು ಏನೇನೋ ಹೇಳಿದೆ. ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಕೊಡೋಣ, ಮಂತ್ರಿಗಳನ್ನು ನೋಡೋಣ ಎಂದೆ. ಅವಳು ಬಾಳೆನಾರು ಬಿಗಿಯುತ್ತಾ ಕೇಳಿಸಿಕೊಂಡಳು.

"ಕೊಡೋಣ ಮಿಸ್" ಎಂದಳು. ಆಮೇಲೆ, "ನನಗೆ ಅಲ್ಲಿ ಕೇಳ್ದೆ ಅಂತ ಬೇಜಾರಿಲ್ಲ. ಇಲ್ಲಿ ಕೇಳ್ಬೇಕಿತ್ತು. ಆ ಹಳ್ಳಿಯೋರ ಮುಂದೆ, ಕನ್ನಡದಲ್ಲಿ. ಅಲ್ಲಿ ನಕ್ಕವರಿಗೆ ನಮ್ಮ ರಸ್ತೆ ಬೇಕಾಗಿರ್ಲಿಲ್ಲ. ಬೇಕಾಗಿದ್ದೋರಿಗೆ ಇವತ್ತಿಗೂ ಗೊತ್ತಿಲ್ಲ" ಎಂದಳು.

ಅರ್ಜಿ ಕೊಟ್ಟೆವು. ಉತ್ತರ ಬಂದಿಲ್ಲ. ಅವಳ ವಯಸ್ಸಿನವರು ಈಗ ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಾರೆ.

ಮತ್ತೆ ಕಾಲೇಜು

ಈ ವರ್ಷದ ಶ್ರಮದಾನಕ್ಕೆ ಮುಂಚೆ ಸೆಕ್ರೆಟರಿಯವರು ಪ್ರಿನ್ಸಿಪಾಲರ ಮೂಲಕ ಹೇಳಿ ಕಳಿಸಿದರು. ಮೇಡಂ ಪರದೇಶ ನೋಡಿ ಬಂದಿದ್ದಾರೆ, ವಿದ್ಯಾರ್ಥಿಗಳು ಊರಿನ ಕೆಲಸದಲ್ಲಿ ಭಾಗವಹಿಸುವಂತೆ ಹುರಿದುಂಬಿಸಿ ಮಾತಾಡಲಿ ಎಂದು. ನಾನು ಒಪ್ಪಿಕೊಂಡೆ. ಅವರು ಸಭೆಗೆ ಬರಲಿಲ್ಲ, ಬೇರೆ ಕಡೆ ಉದ್ಘಾಟನೆಯಿತ್ತು.

ಸಭಾಂಗಣ ತುಂಬಿತ್ತು. ನಾನು ಹಿಮದ ಮಾತು ಎತ್ತಲಿಲ್ಲ. ಹಗ್ಗದ ಕಥೆ ಹೇಳಿದೆ, ಬುಟ್ಟಿಯ ರೂಢಿ ಹೇಳಿದೆ, ರತ್ನ ಕೇಳಿದ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಹೇಳಿದೆ. ಓಟು ಬರುವ ವಯಸ್ಸಿನವರೆಗೆ ಕಾಯಬೇಡಿ, ಮಣ್ಣು ಹೊರುವ ವಯಸ್ಸಾಗಿದ್ದರೆ ಕೇಳುವ ವಯಸ್ಸೂ ಆಗಿದೆ, ನಾಳೆ ಬುಟ್ಟಿ ಎತ್ತುವ ಮುಂಚೆ ಈ ರಸ್ತೆ ಯಾರದು ಎಂದು ಕೇಳಿ ಎಂದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಪ್ರಿನ್ಸಿಪಾಲರು ಕಿಟಕಿಯಾಚೆ ನೋಡುತ್ತಿದ್ದರು.

ಮಾತು ಮುಗಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಮೊದಲ ವರ್ಷದವಳು, ಅವಳದೂ ಮಾಫಿ ಸೀಟು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು.

"ಮಿಸ್, ಕೇಳಿದ್ರೆ ನನ್ನ ಸೀಟೂ ಹೋಗುತ್ತಾ?"

ಸಭಾಂಗಣದಲ್ಲಿ ಇದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಕ್ಕಳಿಗೆ ಸುಳ್ಳು ಹೇಳುವುದಿದ್ದರೆ ನನಗೂ ಸೆಕ್ರೆಟರಿಯವರಿಗೂ ವ್ಯತ್ಯಾಸ ಏನು?

"ಹೋಗುತ್ತಮ್ಮ" ಎಂದೆ.

ಅವಳು ಕೂತಳು. ಮಾರನೆಯ ಬೆಳಿಗ್ಗೆ ಶ್ರಮದಾನಕ್ಕೆ ಎಲ್ಲರೂ ಬಂದಿದ್ದರು, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಬುಟ್ಟಿಗಳನ್ನು ಹಂಚಿದರು. ಯಾರೂ ಏನೂ ಕೇಳಲಿಲ್ಲ.